ಬೆಗಾಯಿಮಳ ಬೆನ್ನು

ನವೆಂಬರ್ 12, ಬೆಳಿಗ್ಗೆ

ರೌಂಡ್ಸ್ ಮುಗಿಯಿತು. ಏಳನೇ ಹಾಸಿಗೆಗೆ ಹೊಸಬಳು. ಬೆಗಾಯಿಮ್, ಆರು ವರ್ಷ, ನರಿನ್ ಕಡೆಯ ಬೆಟ್ಟದೂರು. ಕರೆತಂದವರು ಅಜ್ಜಿ ಬುರುಲ್ಚಾ. ತಾಯಿ ಇಲ್ಲ, ಹಸುಗೂಸಾಗಿದ್ದಾಗಿನಿಂದ ಅಜ್ಜಿಯ ಮಗ್ಗುಲಲ್ಲೇ ನಿದ್ದೆ.

"ಕುದುರೆಯಿಂದ ಬಿದ್ಲು ಡಾಕ್ಟರಮ್ಮ. ನಾಟಿ ವೈದ್ಯ ಮೂರು ಸಲ ನೀವಿದ. ಈಗ ನಡೆಯೋಕೂ ಎಡವ್ತಾಳೆ."

ನೆಲಕ್ಕೊಂದು ಒಣ ಜರ್ದಾಲು ಹಣ್ಣು ಹಾಕಿ, ಎತ್ತಿಕೋ ಅಂದೆ. ಬಗ್ಗಲಿಲ್ಲ. ಬೆನ್ನು ಕೋಲಿನಂತೆ ನೆಟ್ಟಗಿಟ್ಟು, ತೊಡೆಗೆ ಕೈಯೂರಿ, ಕುಕ್ಕರಿಸಿ ಎತ್ತಿದಳು. ಬೆನ್ನ ನಡುವೆ ಸಣ್ಣದೊಂದು ಗುಬುಟು.

ಬಿದ್ದ ನೋವಲ್ಲ.

ನವೆಂಬರ್ 15

ಎಕ್ಸ್‌ರೇಯಲ್ಲಿ ಬೆನ್ನೆಲುಬಿನ ಎರಡು ಮಣಿ ಸವೆದಿವೆ. ಪಕ್ಕದಲ್ಲಿ ಕೀವು. ಸೂಜಿ ಹಾಕಿ ತೆಗೆದು ಕಳಿಸಿದ್ದೆವು, ರಿಪೋರ್ಟ್ ಬಂತು. ಮೂಳೆ ಟಿಬಿ. ಮಾಮೂಲಿ ಮಾತ್ರೆಗೆ ಬಗ್ಗುವಂಥದ್ದು, ಅಷ್ಟು ಪುಣ್ಯ. ವರ್ಷವಿಡೀ ಮಾತ್ರೆ, ಕೆಲವು ತಿಂಗಳು ಮಲಗಿಯೇ ಇರಬೇಕು. ಕಾಲಿನ ಬಲ ಇನ್ನೂ ಕುಂದಿದರೆ ಆಪರೇಷನ್...

ಹೇಳುತ್ತಿರುವಾಗ ಅಜ್ಜಿ ಕೆಮ್ಮಿದರು. ಎಷ್ಟು ದಿನದಿಂದ?

"ಇದಾ? ಒಲೆ ಹೊಗೆ. ಹೋದ ಚಳಿಗಾಲದಿಂದ ಐತೆ."

ಕಫ ಪರೀಕ್ಷೆಗೆ ಡಬ್ಬಿ ಕೊಟ್ಟೆ.

ನವೆಂಬರ್ 18

ಅಜ್ಜಿಗೂ ಟಿಬಿ, ಶ್ವಾಸಕೋಶದ್ದು. ಅಂಗಳದಾಚೆಯ ದೊಡ್ಡವರ ವಾರ್ಡಿಗೆ ಹೋಗಬೇಕು.

"ಹಂಗಾದ್ರೆ ಮಗೂಗೆ ನಾನೇ ಕೊಟ್ನಾ?"

ಸುಳ್ಳು ಬಾಯಿಗೆ ಬರಲಿಲ್ಲ. "ಇರಬಹುದು ಅಜ್ಜಿ. ನಿಮಗೇನು ಗೊತ್ತಿತ್ತು."

ತಲೆವಸ್ತ್ರದ ಅಂಚು ಮಡಚಿದರು. "ನನ್ನ ಪಾಲಿನ ಮಾತ್ರೇನೂ ಅವಳಿಗೇ ಕೊಡಿ. ನಾನು ಊರಿಗೆ ಹೋಗ್ತೀನಿ."

ಪಾಲು ಹಂಚುವ ಮಾಂಸವಲ್ಲ ಅದು ಅಂದೆ. ನಗಲಿಲ್ಲ.

ನವೆಂಬರ್ 21

ಮೂರು ದಿನ ಇಬ್ಬರದೂ ಹಟ, ಮಾತ್ರೆ ನುಂಗುವುದಿಲ್ಲವೆಂದು. ಇಂದು ಮಗುವಿನ ಹಾಸಿಗೆಯನ್ನು ಕಿಟಕಿಗೆ ಒತ್ತರಿಸಿದೆವು. ಗಾಜಿನಾಚೆ, ಹಿಮದಲ್ಲಿ, ಮಾಸ್ಕ್ ಹಾಕಿದ ಅಜ್ಜಿ.

"ಮೊದ್ಲು ನೀನು ನುಂಗು," ಬೆಗಾಯಿಮ್ ಕೂಗಿದಳು.

ಅಜ್ಜಿ ನನ್ನನ್ನು ನೋಡಿದರು. ನುಂಗಿದರು.

"ಬಾಯಿ ತೆಗಿ. ನಾಲಿಗೆ ಎತ್ತು. ನಿನ್ನ ನಂಬೋಕಾಗಲ್ಲ."

ಆಮೇಲೆ ತಾನೂ ನುಂಗಿದಳು. ನಾನು ಔಷಧಿ ಕೋಣೆಗೆ ಹೋಗಿ ಕಣ್ಣೊರೆಸಿಕೊಂಡೆ. ಇಪ್ಪತ್ತೆರಡು ವರ್ಷ ಸರ್ವೀಸು, ಇನ್ನೂ ಹೀಗೆ.

ಡಿಸೆಂಬರ್ 19

ಅಂಗೈ ಒಡ್ಡಿ, ಪಾದದಿಂದ ತಳ್ಳು ಅಂದೆ. ತಳ್ಳಿದಳು. ಮೊನ್ನೆಗಿಂತ ಜೋರು. ಆಪರೇಷನ್ ಬೇಡವೆಂದು ಸರ್ಜನ್ ಒಪ್ಪಿದರು. "ಡಾಕ್ಟರಕ್ಕ, ನನ್ನ ಉಚ್ಚೆ ಕ್ಯಾರೆಟ್ ಬಣ್ಣ. ಅಜ್ಜೀದೂ ಹಂಗೇನಾ ಕೇಳ್ಕೊಂಡ್ ಬನ್ನಿ." ಕೇಳಿದೆ. ಹಾಗೆಯೇ ಅಂತೆ; ಇಬ್ಬರದೂ ಅದೇ ಮಾತ್ರೆಯ ಬಣ್ಣ.

ಮಾರ್ಚ್ 26, ಮಧ್ಯಾಹ್ನ

ಬೆನ್ನುಪಟ್ಟಿ ಬಿಗಿದು ನಿಲ್ಲಿಸಿದೆವು. ಅಜ್ಜಿಯ ಕಫದಲ್ಲಿ ಯಾವಾಗಲೋ ರೋಗಾಣು ಇಲ್ಲವಾಗಿದೆ; ಎದುರಿಗೇ ನಿಂತಿದ್ದರು, ಎರಡೂ ಕೈ ಚಾಚಿ. ಬೆಗಾಯಿಮ್ ಮಂಚದ ಕಂಬಿ ಹಿಡಿದು ನಿಂತಳು. ಅಜ್ಜಿಯನ್ನು ಮೇಲಿಂದ ಕೆಳಗೆ ನೋಡಿದಳು.

"ಅಜ್ಜಿ, ನೀನ್ಯಾಕೆ ಕುಳ್ಳಗಾದೆ?"

ಅಳೆದೆವು. ಮಲಗಿದ್ದಲ್ಲೇ ಮೂರು ಸೆಂಟಿಮೀಟರ್ ಬೆಳೆದಿದ್ದಾಳೆ. ಗುಬುಟು ಪೂರ್ತಿ ಹೋಗುವುದಿಲ್ಲ, ಅದನ್ನು ಅಜ್ಜಿಗೆ ಇವತ್ತೇ ಹೇಳಬೇಕೆಂದಿದ್ದೆ. ಆದರೆ ಕಾರಿಡಾರಿನಲ್ಲಿ ಅವರದೇ ದನಿ, "ನಿಧಾನ ಕಣೇ, ಕೈ ಬಿಡಬೇಡ—"

ಕೈ ಬಿಟ್ಟು ನಡೆದೇಬಿಟ್ಟಳೋ ಏನೋ. ನೋಡಿ ಬರುತ್ತೇನೆ...