ಹತ್ತು ಸೂಜಿ

ಅಪ್ಪಾ,

ನೀನು ಸತ್ತು ಆರು ವರ್ಷವಾದರೂ ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ. ಇವತ್ತು ಬೆಳಿಗ್ಗೆ ಹೊಲಿಗೆ ಅಂಗಡಿಗೆ ಬಂದರೆ, ಸೂಜಿ ಚುಚ್ಚಿಡುವ ದಿಂಬಿನ ಮೇಲೆ ಹತ್ತು ಸೂಜಿಗಳು ದಾರ ಸಮೇತ ನಿಂತಿದ್ದವು.

"ನಿಂಗೆ ಕಾಣಲ್ವಲ್ಲಮ್ಮ, ಅದಕ್ಕೆ ಪೋಣಿಸಿಟ್ಟೆ," ಎಂದಳು ನನ್ನ ಮಗಳು.

ಮೈಯೆಲ್ಲ ಉರಿದುಹೋಯಿತು. ಅವಳ ಮೇಲೆ ಕೂಗಾಡಿ, ದಾರಗಳನ್ನೆಲ್ಲ ಕಿತ್ತೆಸೆದು, ನೇರ ಕಣ್ಣಿನ ಡಾಕ್ಟರ ಹತ್ತಿರ ಹೋದೆ.

"ಸಕ್ಕರೆ ಕಾಯಿಲೆಯಿಂದ ಕಣ್ಣೊಳಗಿನ ರಕ್ತನಾಳ ಸೋರ್ತಿದೆ. ನೋವಾಗಲ್ಲ ನೋಡಿ, ಅದಕ್ಕೇ ಎಲ್ಲ ತಡವಾಗಿ ಬರ್ತಾರೆ. ನಿಮ್ಮದು ಉಳಿಸ್ಬಹುದು," ಎಂದರು.

ನಿನ್ನದನ್ನೂ ಉಳಿಸಬಹುದಿತ್ತು. ನೀನೋ, "ಬಲ್ಬು ಮಂಕಾಗಿದೆ, ನನ್ನ ಕಣ್ಣಿಗೇನು ಧಾಡಿ?" ಎನ್ನುತ್ತ ಬಲ್ಬು ಬದಲಾಯಿಸಿದ್ದೇ ಬದಲಾಯಿಸಿದ್ದು. ಗಿರಾಕಿಗಳಿಗೆ ಗೊತ್ತಾಗಬಾರದೆಂದು ದಿನಾ ನನ್ನಿಂದ ಸೂಜಿ ಪೋಣಿಸಿಕೊಂಡೆ. ಬಾಯಿಬಿಡದ ಜಾಣೆ ಎಂದು ನನ್ನ ಬೆನ್ನು ತಟ್ಟಿದೆ. ಕೊನೆಗೆ ನನ್ನ ಮುಖವನ್ನು ಕೈಯಿಂದ ತಡವಿ ಗುರುತಿಸಬೇಕಾಯಿತು.

ಸಂಜೆ ಮಗಳನ್ನು ಕೂರಿಸಿಕೊಂಡು ನಿನ್ನ ಹಟವನ್ನೆಲ್ಲ ಹೇಳಿದೆ, ಬೈದೇ ಹೇಳಿದೆ.

"ಹಾಗಾದ್ರೆ ತಾತಂಗೆ ಯಾರಮ್ಮ ಸೂಜಿ ಪೋಣಿಸ್ತಿದ್ದಿದ್ದು?" ಎಂದಳು.

"ಈ ಬಲ್ಬು ಮಂಕಾಗಿದೆ ಕಣೇ," ಎಂದು ಎದ್ದುಬಿಟ್ಟೆ.