ಹತ್ತು ಕುದುರೆಗಳು, ಒಂದೇ ಕೆಂಪು

ಅಲ್ಮಾಟಿ
ಫೆಬ್ರವರಿ 18

ಪ್ರೀತಿಯ ಸಾಪರ್‌ಗಲಿ ಅಣ್ಣನಿಗೆ,

ನೀನು, ಅತ್ತಿಗೆ, ನಿನ್ನ ಮಂದೆ ಎಲ್ಲ ಕ್ಷೇಮವೇ? ನೀನು ಕಳಿಸಿದ, ಕರುಳಿಗೆ ಕುದುರೆ ಮಾಂಸ ತುಂಬಿದ ಕಜೀ ತಲುಪಿ ತಿಂಗಳಾಯಿತು. ತಡವಾಗಿ ಬರೆಯುತ್ತಿರುವ ತಂಗಿಯನ್ನು ಬೈಯಿ, ಆದರೆ ಪತ್ರ ಪೂರ್ತಿ ಓದು. ನೀನು ಫೋನ್ ಎತ್ತುವುದಿಲ್ಲವಾದ್ದರಿಂದ ನಿಮ್ಮೂರಿನ ವ್ಯಾನಿನವನ ಕೈಲಿ ಕಳಿಸುತ್ತಿದ್ದೇನೆ. ನಮ್ಮ ಪ್ರಯೋಗಾಲಯದಲ್ಲಿ ಕಳ್ಳತನದ ನಾಟಕವೊಂದು ನಡೆದಿದೆ. ಅದರ ಕೊನೆಯ ಮಾತು ನಿನ್ನ ಬಾಯಲ್ಲಿದೆ.

ನೀನು ನಿನ್ನ ಹತ್ತು ಕುದುರೆಗಳ ರಕ್ತ ಕಳಿಸಿದ್ದೆಯಲ್ಲ? ಚಳಿಗೆ ಬಗ್ಗದ ಆ ಮೈಯೊಳಗೆ ಯಾವ ಜೀನ್ ಎಷ್ಟು ಜೋರಾಗಿ ದುಡಿಯುತ್ತದೆಂದು ನನ್ನ ಸಹಾಯಕಿ ಅಕ್ಬೊತಾ ಅಳೆದಳು. ಒಂದೊಂದು ಕುದುರೆಗೂ ಸಾವಿರಾರು ಅಂಕಿ. ಅಷ್ಟನ್ನು ಕಣ್ಣು ಓದಲಾರದು, ಅದಕ್ಕೇ ಚೌಕಗಳ ಚಿತ್ರ ಮಾಡುತ್ತೇವೆ. ಅಡ್ಡಕ್ಕೂ ಉದ್ದಕ್ಕೂ ಅವೇ ಕುದುರೆಗಳು. ಎರಡು ಕುದುರೆಗಳ ಜೀನ್‌ಗಳು ಜೊತೆಜೊತೆಗೆ ಏರಿಳಿದಷ್ಟೂ ಅವು ಸಂಧಿಸುವ ಚೌಕ ಕೆಂಪಾಗುತ್ತದೆ. ಬೇರೆಯವರ ಕುದುರೆಗಳು ಬಣ್ಣಬಣ್ಣದ ಕಂಬಳಿಯಂತೆ ಹರಡಿಕೊಂಡವು. ನಿನ್ನ ಹತ್ತೂ, ಕಟುಕನ ಹಲಗೆಯಂತೆ, ಒಂದೇ ಕಡುಗೆಂಪು.

“ಒಂದೇ ಕುದುರೆಯ ಅಂಕಿಗಳನ್ನ ಹತ್ತು ಸಲ ನಕಲು ಹೊಡೆದಿದಾಳೆ,” ಎಂದರು ನಿರ್ದೇಶಕ ತೆಮಿರ್ಖಾನ್. “ಕೆಲಸಕ್ಕೆ ಸೋಮಾರಿ, ಬಣ್ಣ ಹಚ್ಚೋಕೆ ಚುರುಕು.”

“ಕದಿಯೋಳಾಗಿದ್ರೆ ಇಷ್ಟು ಪೆದ್ದಾಗಿ ಕದೀತಿದ್ನಾ, ಅಗಾಯ್?” ಎಂದು ನಿರ್ದೇಶಕರನ್ನೇ ಕೇಳಿದಳು ಅಕ್ಬೊತಾ.

ನಾನೂ ಅವಳನ್ನು ನಂಬಲಿಲ್ಲ. ಅವಳಿಂದ ಶೀತಪೆಟ್ಟಿಗೆಯ ಬೀಗದ ಕೈ ಕಿತ್ತುಕೊಂಡು, ಕೊಳವೆಗಳಲ್ಲಿ ಉಳಿದಿದ್ದ ರಕ್ತವನ್ನು ನಾನೇ ಅಳೆದೆ. ಮತ್ತೆ ಅದೇ ಕೆಂಪು.

“ರಕ್ತ ತೆಗೆಯುವಾಗ ನೀವು ಅಲ್ಲಿದ್ರಾ ಅಕ್ಕ?” ಎಂದು ಅಕ್ಬೊತಾ ಕೇಳಿದಳು.

“ನಮ್ಮಣ್ಣ ಕುದುರೆ ವಿಷಯದಲ್ಲಿ ಸುಳ್ಳು ಹೇಳಲ್ಲ ಕಣೇ.”

“ಕುದುರೆ ವಿಷಯದಲ್ಲಿ ಸುಳ್ಳು ಹೇಳದ ಕಜಕ್ ಇನ್ನೂ ತೊಟ್ಟಿಲಲ್ಲಿ ಮಲಗಿದಾನೆ,” ಎಂದಳು.

ಆಗ ನನ್ನ ಸಂಶಯ ಅವಳನ್ನು ಬಿಟ್ಟು ನಿನ್ನ ಬಾಗಿಲಿಗೆ ಬಂದು ನಿಂತಿತು. ಒಳ್ಳೆಯ ಹೆಣ್ಣುಕುದುರೆಗಳಿಗೆ ದೃಷ್ಟಿ ತಾಗೀತೆಂದು ಯಾವುದೋ ಮುದಿ ಕುದುರೆಯೊಂದರಿಂದಲೇ ಹತ್ತೂ ಕೊಳವೆ ತುಂಬಿಸಿದೆಯಾ? ಹಾಗಿದ್ದರೆ ಹೇಳಿಬಿಡು. ಬರುವ ಶುಕ್ರವಾರ ಅಕ್ಬೊತಾಳನ್ನು ಕೆಲಸದಿಂದ ತೆಗೆಯುತ್ತಾರೆ. ನಾನು ಅಳೆದದ್ದನ್ನು ತೋರಿಸಿದರೆ, ಕೊಳವೆಗಳಿಗೆ ಒಂದೇ ರಕ್ತ ಸುರಿದವಳೂ ಅವಳೇ ಅನ್ನುತ್ತಾರೆ. ನಿರ್ದೇಶಕರಿಗೆ ನೀನೇ ಫೋನ್ ಮಾಡು.

ನಿನ್ನ ಒಲೆಯ ಹೊಗೆ ಎಂದೂ ಆರದಿರಲಿ.

ನಿನ್ನ ತಂಗಿ,
ಉಲ್ಮೆಕೆನ್

ಮರೆತಿದ್ದೆ: ಕಜೀಯ ತುದಿಗೆ ಅತ್ತಿಗೆ ಯಾವಾಗಲೂ ಮರದ ಕಡ್ಡಿ ಚುಚ್ಚುತ್ತಾಳೆ. ಈ ಸಲದ್ದಕ್ಕೆ ಅಂಗಡಿಯಲ್ಲಿ ಮಾರುವ ಕಜೀಯಂತೆ ದಾರ ಕಟ್ಟಿತ್ತು. ಹೋದ ಚಳಿಗಾಲ ಹುಲ್ಲಿನ ಮೇಲೆ ಮಂಜು ಗಟ್ಟಿಯಾಗಿ, ಮೇವು ಸಿಗದೆ ಪಕ್ಕದವರ ಮಂದೆಯೆಲ್ಲ ಸತ್ತಾಗ, ನಮ್ಮವು ಉಳಿದವು ಎಂದು ನೀನು ಹೇಳಿದ್ದೆ. ಅಣ್ಣ, ಲಾಯದಲ್ಲಿ ಇರುವುದೇ ಒಂದು ಕುದುರೆಯಾ? ಕಜೀ ಬಾಲ್ಕನಿಯಲ್ಲೇ ತೂಗುತ್ತಿದೆ, ಕೊಯ್ಯಲು ಕೈ ಬರುತ್ತಿಲ್ಲ. ಪತ್ರದ ಮೊದಲಲ್ಲಿ ಮಂದೆ ಕ್ಷೇಮವೇ ಎಂದದ್ದು ರೂಢಿಯ ಮಾತು. ಈಗ ಕೇಳುತ್ತಿದ್ದೇನೆ.