ಬೆಕ್ಕಿಲ್ಲ ಅಂದ ಸುಳ್ಳು

ಪುಟ್ಟಿ,

ನಿನ್ನ ಎಡಗಣ್ಣಿಗೆ ಕೆಂಪು ಮಂಕಾಗಿ ಕಾಣುತ್ತದಲ್ಲ, ಅದಕ್ಕೇ ಕಪ್ಪು ಶಾಯಿಯಲ್ಲಿ ದಪ್ಪಕ್ಷರ ಬರೆದಿದ್ದೇನೆ. ಊಟ ಮುಚ್ಚಿಟ್ಟಿದೆ. ಹೊಲಿಗೆ ಮೆಷಿನ್ ಹತ್ತಿರ ಸುಳಿಯಬೇಡ, ಗಿರಾಕಿಗಳು ಕಾಯಲಿ.

ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬರುತ್ತೇನೆ. ನಿನ್ನ ಕಣ್ಣಿನ ನರ ಯಾಕೆ ಊದಿಕೊಂಡಿದೆಯೋ ತಿಳಿಯದೆ ಅವರು ಮೊನ್ನೆ, ‘ಮನೇಲಿ ಬೆಕ್ಕು ಇದ್ಯಾ, ಪರಚಿತ್ತಾ?’ ಅಂತ ಕೇಳಿದರು. ನೀನು ನನ್ನ ಮುಖ ನೋಡಿ ‘ಇಲ್ಲ’ ಅಂದೆ. ಬೆಕ್ಕು ಹೊಸಿಲು ದಾಟಿದರೆ ಮನೆ ಬಿಡುತ್ತೇನೆ ಅಂದಿದ್ದವಳು ನಾನೇ, ನನ್ನ ಸುಡುಗಾಡು ಬಾಯಿ. ನಿನ್ನ ಮೊಣಕೈಯ ಗೀರು ನೀನು ಹೇಳಿದ ಹಾಗೆ ಸೂಜಿಯದಲ್ಲ ಅಂತ ಗೊತ್ತಿದ್ದೂ ಹಟಕ್ಕೆ ಸುಮ್ಮನಿದ್ದೆ.

ಬೆಕ್ಕಿನಿಂದ ಬಂದದ್ದಾದರೆ ಔಷಧಿಯೇ ಬೇರೆಯಂತೆ. ಇವತ್ತು ಹೇಳಿಬಿಡುತ್ತೇನೆ.

ಅಟ್ಟ ಹತ್ತಬೇಡ. ನೀನು ಅಲ್ಲಿ ಬಚ್ಚಿಟ್ಟ ಮರಿಗೆ ಹಾಲು ಹಾಕಿದ್ದೇನೆ. ನೀನು ಏಳುವ ಮೊದಲು ದಿನಾ ಹಾಕುತ್ತಿದ್ದದ್ದೂ ನಾನೇ.

ಅಮ್ಮ